ಹಿಡಿಯುವ ಕೈ, ಬಿಡುವ ಕೈ

ಚಲಚ್ಚಿತ್ರವೊಂದರ ಮುಹೂರ್ತವನ್ನು ಕಂಡವರಿಗೆ ಆ ಸಮಾರಂಭದ ಸಡಗರ ನೆನಪಿರಬಹುದು. ದೇವರ ಪಟದ ಎದುರಿಗೆ ನಿಲ್ಲಿಸಿದ ಕ್ಯಾಮರಾಕ್ಕೆ ಹೂವಿನ ಹಾರ ಬೀಳುತ್ತದೆ; ಅರಿಸಿನ ಕುಂಕುಮಗಳ ಅಲಂಕಾರವಾಗುತ್ತದೆ; ಕರ್ಪೂರದ ಆರತಿ ಬೆಳಗುತ್ತದೆ; ತೆಂಗಿನಕಾಯಿ ಒಡೆಯುತ್ತದೆ. ಎಲ್ಲರ ಕಣ್ಣು ನಾಯಕ ನಾಯಿಕೆಯರ ಮೇಲೆ, ಬಂದ ಅತಿಥಿಗಳ ಮೇಲೆ. ಯಂತ್ರದ ಪಕ್ಕದಲ್ಲಿ ಮೆತ್ತನೆಯ ಬಟ್ಟೆಯೊಂದನ್ನು ಕೈಯಲ್ಲಿ ಹಿಡಿದು, ತುಸು ಆತಂಕದಿಂದಲೇ ನಿಂತಿರುವ ತರುಣನನ್ನು ಗಮನಿಸುವವರು ಕಡಮೆ. ಪುರೋಹಿತರ ಕೈಯ ಕುಂಕುಮ ಎಲ್ಲಿ ಬಿದ್ದರೂ ಬೀಳಲಿ, ಮಸೂರದ ಮೇಲೆ ಮಾತ್ರ ಬೀಳದಿರಲಿ ಎಂಬುದೇ ಆ ಹೊತ್ತಿನಲ್ಲಿ ಅವನ ಪ್ರಾರ್ಥನೆ. ಆಯುಧಪೂಜೆಯ ದಿನವೂ ಅಷ್ಟೆ. ಯಂತ್ರಕ್ಕೆ ಸಲ್ಲುವ ಪೂಜೆ ವರ್ಷಕ್ಕೊಮ್ಮೆ. ಅದಕ್ಕೆ ಸಲ್ಲಬೇಕಾದ ಎಚ್ಚರ ದಿನದಿನವೂ, ಗಳಿಗೆ ಗಳಿಗೆಯೂ. ಆ ಎಚ್ಚರವನ್ನು ಹೊತ್ತವನು ಕ್ಯಾಮರಾ ಸಹಾಯಕ.

ಪ್ರೇಕ್ಷಕರಾದ ನಾವು ತೆರೆಯ ಮೇಲೆ ಎಲ್ಲವನ್ನೂ ಕಾಣುತ್ತೇವೆ, ಕ್ಯಾಮರಾ ಒಂದನ್ನು ಬಿಟ್ಟು. ಕಾಣದಿರುವುದೇ ಅದರ ಧರ್ಮ. ಆದುದರಿಂದ ಕುದುರೆಗಳು ನುಗ್ಗಿ ಬರುವ ದಾರಿಯಲ್ಲಿ, ಅಲೆ ಅಪ್ಪಳಿಸುವ ಬಂಡೆಯ ಮೇಲೆ, ಉರಿಯುವ ಮನೆಯ ಬಾಗಿಲಲ್ಲಿ ಆ ಯಂತ್ರ ಹೇಗೆ ನಿಂತಿತ್ತು, ಅದನ್ನು ಯಾರು ಕಾಯ್ದರು ಎಂಬ ಪ್ರಶ್ನೆ ನಮಗೆ ಹೊಳೆಯುವುದಿಲ್ಲ. ಚಿತ್ರದ ನೆಲೆಯಲ್ಲಿ ಕ್ಯಾಮರಾಕ್ಕೆ ಒದಗುವ ಅಪಘಾತಗಳ ಕಥೆ, ಅವುಗಳಿಂದ ಅದನ್ನು ಕಾಯುವ ಉಪಾಯಗಳ ಕಥೆ, ಸಿನಿಮಾದಷ್ಟೇ ಹಳೆಯದು. ಆ ಕಥೆಯನ್ನು ತುಸು ಹಿಂಬಾಲಿಸಿದರೆ, ಕಾಯುವುದೆಂದರೆ ಏನನ್ನು ಕಾಯುವುದು ಎಂಬ ಇನ್ನೊಂದು ಪ್ರಶ್ನೆ ತಾನಾಗಿ ಎದುರಾಗುತ್ತದೆ.

ಯಂತ್ರದ ಮರ್ಮ

ಚಲಚ್ಚಿತ್ರದ ಕ್ಯಾಮರಾ ನೋಡುವುದಕ್ಕೆ ಗಟ್ಟಿಮುಟ್ಟಾದ ಲೋಹದ ಪೆಟ್ಟಿಗೆ. ಹಿಂದೆ ಸ್ಟುಡಿಯೋಗಳಲ್ಲಿ ರಾಜ್ಯವಾಳಿದ ಮಿಚೆಲ್ ಬಿ.ಎನ್.ಸಿ. ಯಂತ್ರವನ್ನು ಎತ್ತಬೇಕಾದರೆ ಇಬ್ಬರು ಆಳುಗಳು ಬೇಕಾಗುತ್ತಿದ್ದರು. 1937ರಲ್ಲಿ ಬಂದ ಆರಿಫ್ಲೆಕ್ಸ್ 35 ಕೈಯಲ್ಲಿ ಹಿಡಿಯುವಷ್ಟು ಹಗುರವಾಗಿತ್ತು. 2010ರಲ್ಲಿ ಬಂದ ಆರಿ ಅಲೆಕ್ಸಾ ಫಿಲಮ್ಮನ್ನೇ ತೊರೆದು ಡಿಜಿಟಲ್ ಆಯಿತು. ರೂಪ ಇಷ್ಟು ಬದಲಾದರೂ ಈ ಯಂತ್ರಗಳ ಮರ್ಮಸ್ಥಾನ ಬದಲಾಗಲಿಲ್ಲ.

ಮಸೂರ ಕೂರುವ ಉಕ್ಕಿನ ಬಳೆಗೂ ಅದರ ಹಿಂದೆ ಬಿಂಬ ಬೀಳುವ ಸಮತಲಕ್ಕೂ ನಡುವೆ ಒಂದು ಗೊತ್ತಾದ ದೂರವಿದೆ. ಇಂದು ಬಹಳವಾಗಿ ಬಳಕೆಯಲ್ಲಿರುವ ಪಿ.ಎಲ್. ಮೌಂಟ್ ಎಂಬ ಜೋಡಣೆಯಲ್ಲಿ ಈ ದೂರ ಸರಿಯಾಗಿ 52 ಮಿಲಿಮೀಟರ್. ಇದರಲ್ಲಿ ಒಂದು ಮಿಲಿಮೀಟರಿನ ನೂರನೆಯ ಒಂದೆರಡು ಭಾಗ ಹೆಚ್ಚುಕಡಮೆಯಾದರೆ ಸಾಕು, ನಾಯಿಕೆಯ ಕಣ್ಣಿಗೆ ಹೊಂದಿಸಿದ ಸ್ಫುಟತೆ ಅವಳ ಕಿವಿಯೋಲೆಗೆ ಹೋಗಿ ಕೂರುತ್ತದೆ. ಕ್ಯಾಮರಾ ಬಿದ್ದಾಗ ಹೊರಮೈಯಲ್ಲಿ ಒಂದು ಗೀರೂ ಕಾಣದಿರಬಹುದು. ಒಳಗಿನ ಈ ಅಳತೆ ಕೆಟ್ಟಿರುತ್ತದೆ. ಮಸೂರದ ಒಳಗೆ ಹತ್ತಾರು ಗಾಜುಗಳು ಒಂದರ ಹಿಂದೊಂದು ಒಂದೇ ಅಕ್ಷದ ಮೇಲೆ ನಿಂತಿರುತ್ತವೆ. ಅವುಗಳಲ್ಲೊಂದು ಕೂದಲೆಳೆಯಷ್ಟು ವಾಲಿದರೂ ಚಿತ್ರದ ಒಂದು ಮಗ್ಗುಲು ಮಸುಕಾಗುತ್ತದೆ. ಬಿದ್ದ ಪೆಟ್ಟು ಆ ದಿನ ತಿಳಿಯದೆ, ವಾರ ಕಳೆದ ಮೇಲೆ ದೊಡ್ಡ ತೆರೆಯಲ್ಲಿ ತಿಳಿಯುವುದೇ ಈ ಯಂತ್ರದ ವಿಚಿತ್ರ ಸ್ವಭಾವ. ಅಷ್ಟರಲ್ಲಿ ಸೆಟ್ಟನ್ನು ಕಳಚಿರುತ್ತಾರೆ, ನಟರು ಬೇರೆ ಚಿತ್ರಕ್ಕೆ ಹೋಗಿರುತ್ತಾರೆ.

ಫಿಲಂ ಕ್ಯಾಮರಾದಲ್ಲಿ ಇನ್ನೊಂದು ಅಪಾಯವೂ ಇತ್ತು. ಸೆಕೆಂಡಿಗೆ 24 ಸಲ ನಿಂತು, 24 ಸಲ ಮುಂದೆ ಸರಿಯುವ ಫಿಲಮ್ಮಿನ ಅಂಚಿನಿಂದ ಸಣ್ಣ ಸಿಬಿರು ಎದ್ದು, ಬಿಂಬ ಬೀಳುವ ಕಿಂಡಿಯ ಮೂಲೆಯಲ್ಲಿ ಸಿಕ್ಕಿಕೊಂಡರೆ, ತೆರೆಯ ಮೇಲೆ ಅದು ಹಗ್ಗದಷ್ಟು ದಪ್ಪವಾಗಿ ನಲಿದಾಡುತ್ತಿತ್ತು. ಆದ್ದರಿಂದಲೇ ನಿರ್ದೇಶಕರು 'ಸರಿ' ಎಂದ ಒಡನೆ ಸಹಾಯಕ ಟಾರ್ಚು ಹಿಡಿದು ಆ ಕಿಂಡಿಯನ್ನು ಪರೀಕ್ಷಿಸುತ್ತಿದ್ದ. 'ಕಿಂಡಿ ಶುದ್ಧವಾಗಿದೆ' ಎಂದು ಅವನು ಹೇಳುವ ತನಕ ಎಷ್ಟು ದೊಡ್ಡ ನಟನಾದರೂ ಜಾಗ ಬಿಟ್ಟು ಕದಲುವಂತಿರಲಿಲ್ಲ.

ಕೈಯ ಕಟ್ಟಳೆಗಳು

ಇಂಥ ಯಂತ್ರವನ್ನು ಕಾಯುವ ವಿದ್ಯೆ ಪುಸ್ತಕದಿಂದ ಬಂದದ್ದಲ್ಲ. ಕೈಯಿಂದ ಕೈಗೆ, ಹಿರಿಯನಿಂದ ಕಿರಿಯನಿಗೆ ದಾಟಿಬಂದ ಕಟ್ಟಳೆಗಳ ಮೊತ್ತವದು. ನಮ್ಮ ಕಡೆ ಕ್ಯಾಮರಾವನ್ನು ನಿರ್ಮಾಪಕರು ಕೊಳ್ಳುವುದು ಅಪರೂಪ; ಔಟ್‌ಡೋರ್ ಯೂನಿಟ್‌ನವರಿಂದ ದಿನಬಾಡಿಗೆಗೆ ತರುತ್ತಾರೆ. ಯಂತ್ರದ ಜೊತೆಗೆ ಅದನ್ನು ಬಲ್ಲ ಅಟೆಂಡೆಂಟರೂ ಬರುತ್ತಾರೆ. ಪೆಟ್ಟಿಗೆಗಳನ್ನು ಇಳಿಸುವವರು ಅವರೇ, ರಾತ್ರಿ ಒರೆಸಿ ಮುಚ್ಚಿಡುವವರೂ ಅವರೇ. ಸಾಮಾನಿನ ಪಟ್ಟಿ ಅವರ ನಾಲಗೆಯ ಮೇಲಿರುತ್ತದೆ.

ಮೊದಲನೆಯ ಕಟ್ಟಳೆ ಪೆಟ್ಟಿಗೆಯದು. ಮಸೂರಗಳ ಪೆಟ್ಟಿಗೆಯ ಮುಚ್ಚಳ ಹಾಕಿದ ಮೇಲೆ ಚಿಲಕವನ್ನೂ ಹಾಕಲೇಬೇಕು. ಚಿಲಕ ಹಾಕುವಷ್ಟು ಹೊತ್ತಿಲ್ಲವಾದರೆ ಮುಚ್ಚಳವನ್ನು ಹಾಕಲೇಕೂಡದು. ಕೇಳುವುದಕ್ಕೆ ಇದು ವಿಚಿತ್ರವೆನಿಸಬಹುದು. ಆದರೆ ತೆರೆದ ಪೆಟ್ಟಿಗೆಯನ್ನು ಯಾರೂ ಎತ್ತುವುದಿಲ್ಲ. ಮುಚ್ಚಿದಂತೆ ಕಾಣುವ ಪೆಟ್ಟಿಗೆಯನ್ನು ಅವಸರದಲ್ಲಿ ಬಂದ ಯಾವನೋ ಹುಡುಗ ಹಿಡಿ ಹಿಡಿದು ಎತ್ತುತ್ತಾನೆ. ಮರುಕ್ಷಣ ಒಂದು ಚಿತ್ರದ ಬಂಡವಾಳಕ್ಕೆ ಸಮನಾದ ಗಾಜು ನೆಲದ ಮೇಲಿರುತ್ತದೆ. ಅರ್ಧ ಮಾಡಿದ ರಕ್ಷಣೆ ರಕ್ಷಣೆಯಿಲ್ಲದ್ದಕ್ಕಿಂತ ಕೇಡು ಎಂಬ ಲೋಕಾನುಭವ ಈ ಒಂದು ಚಿಲಕದಲ್ಲಿ ಅಡಗಿದೆ.

ಎರಡನೆಯದು ಕೈಬದಲಾವಣೆಯದು. ಮಸೂರವನ್ನು ಒಬ್ಬರು ಇನ್ನೊಬ್ಬರಿಗೆ ಕೊಡುವಾಗ, ತೆಗೆದುಕೊಳ್ಳುವವನು 'ಹಿಡಿದೆ' ಎಂದು ಬಾಯಿಬಿಟ್ಟು ಹೇಳಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಕೊಡುವವನು ಬೆರಳು ಸಡಿಲಿಸಬಾರದು. ಅವನು ಹಿಡಿದಿದ್ದಾನೆಂದು ಇವನೂ, ಇವನು ಬಿಟ್ಟಿಲ್ಲವೆಂದು ಅವನೂ ನಂಬಿದ ಆ ಅರೆಗಳಿಗೆಯಲ್ಲೇ ವಸ್ತು ಕೆಳಗೆ ಬೀಳುವುದು. ಮಸೂರವನ್ನು ಕ್ಯಾಮರಾಕ್ಕೆ ತೊಡಿಸುವಾಗಲೂ ಉಂಗುರ ತಿರುಗಿ ಬಿಗಿಯಾಯಿತೆಂದು ಬೆರಳಿಗೆ ತಿಳಿಯುವವರೆಗೆ ಇನ್ನೊಂದು ಕೈ ಅದರ ಕೆಳಗಿರಬೇಕು.

ಮೂರನೆಯದು ನಿಲುವಿನದು. ಟ್ರೈಪಾಡಿನ ಮೇಲಿರುವ ಕ್ಯಾಮರಾವನ್ನು ಒಂಟಿಯಾಗಿ ಬಿಟ್ಟು ಯಾರೂ ಹೋಗಬಾರದು. ಮೇಲೆ ಕೆಳಗೆ ವಾಲಿಸುವ ತಲೆಯ ಬೀಗವನ್ನು ಹಾಕದೆ ಕೈ ತೆಗೆಯಬಾರದು; ತೆಗೆದರೆ ಯಂತ್ರ ತನ್ನ ಭಾರಕ್ಕೆ ತಾನೇ ಮುಂದಕ್ಕೆ ಮುಗ್ಗರಿಸುತ್ತದೆ. ಕಾಲುಗಳ ಬುಡಕ್ಕೆ ಮರಳಿನ ಚೀಲ ಬೀಳಬೇಕು. ಕೇಬಲ್ಲುಗಳು ಜನ ಓಡಾಡುವ ದಾರಿಯಲ್ಲಿ ಹಾಯಬಾರದು. ಹಾಯಲೇಬೇಕಾದರೆ ನೆಲಕ್ಕೆ ಅಂಟಿಸಿ ಮುಚ್ಚಬೇಕು. ಸೆಟ್ಟಿನಲ್ಲಿ ಕ್ಯಾಮರಾ ಬೀಳುವುದು ಎಷ್ಟೋ ಸಲ ಸ್ಫೋಟದಿಂದಲ್ಲ, ಯುದ್ಧದ ದೃಶ್ಯದಿಂದಲೂ ಅಲ್ಲ. ಚಹಾದ ಲೋಟ ಹಿಡಿದು ಬಂದವನ ಕಾಲಿಗೆ ತೊಡರಿದ ತಂತಿಯಿಂದ.

ಒರೆಸುವುದಕ್ಕೂ ಕ್ರಮವಿದೆ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಬೇಕು. ಆಮೇಲೆ ಮೃದುವಾದ ಕುಂಚ. ಅದಕ್ಕೂ ಹೋಗದಿದ್ದರೆ ಮಾತ್ರ ಕಾಗದಕ್ಕೆ ದ್ರವ ಹಚ್ಚಿ ಒರೆಸಬೇಕು. ದ್ರವವನ್ನು ನೇರವಾಗಿ ಗಾಜಿನ ಮೇಲೆ ಸುರಿದರೆ ಅಂಚಿನಿಂದ ಒಳಗಿಳಿಯುತ್ತದೆ. ಧೂಳಿರುವಾಗಲೇ ಒರೆಸಿದರೆ ಆ ಧೂಳಿನ ಕಣವೇ ಉಳಿಯಾಗಿ ಗಾಜನ್ನು ಕೆತ್ತುತ್ತದೆ. ಬೆಳಕನ್ನು ಹಿಡಿಯುವ ಯಂತ್ರಕ್ಕೆ ಬೆಳಕೇ ಶತ್ರುವಾಗುವುದೂ ಉಂಟು. ಬಿಸಿಲಿನತ್ತ ಬೆನ್ನು ಮಾಡಿ ಇಟ್ಟ ಕ್ಯಾಮರಾದ ಕಣ್ಣುಗಾಜಿನೊಳಗೆ ಸೂರ್ಯಕಿರಣ ಹೊಕ್ಕರೆ, ಭೂತಗನ್ನಡಿ ಕಾಗದವನ್ನು ಸುಡುವಂತೆ ಒಳಗಿನ ಪುಟ್ಟ ತೆರೆಯನ್ನು ಸುಡುತ್ತದೆ. ನೃತ್ಯದೃಶ್ಯಗಳಲ್ಲಿ ಬಳಸುವ ಲೇಸರ್ ಕಿರಣ ನೇರವಾಗಿ ಬಿದ್ದರೆ ಡಿಜಿಟಲ್ ಕ್ಯಾಮರಾದ ಸಂವೇದಕ ಶಾಶ್ವತವಾಗಿ ಗಾಯಗೊಳ್ಳುತ್ತದೆ. ಹೊರಾಂಗಣದಲ್ಲಿ ಕ್ಯಾಮರಾದ ನೆತ್ತಿಗೆ ಛತ್ರಿ ಹಿಡಿದು ನಿಂತವನನ್ನು ಕಂಡು, ಇದೇನು ರಾಜೋಪಚಾರ ಎಂದು ನಗುವವರುಂಟು. ನಗುವ ಮುನ್ನ ಇದನ್ನು ನೆನೆಯಬೇಕು.

ಮಳೆ, ಮಂಜು, ಮರಳು

ಸ್ಟುಡಿಯೋದ ನಾಲ್ಕು ಗೋಡೆ ಬಿಟ್ಟು ಹೊರಬಿದ್ದ ಕ್ಯಾಮರಾಕ್ಕೆ ಪ್ರಕೃತಿಯೇ ಎದುರಾಳಿ. ಈ ಪಾಠವನ್ನು ಮೊದಲು ಕಲಿತವರಲ್ಲಿ ಹರ್ಬರ್ಟ್ ಪಾಂಟಿಂಗ್ ಒಬ್ಬರು. 1910ರಲ್ಲಿ ಹೊರಟ ಕ್ಯಾಪ್ಟನ್ ಸ್ಕಾಟರ ದಕ್ಷಿಣಧ್ರುವ ಯಾತ್ರೆಯ ಛಾಯಾಗ್ರಾಹಕರಾಗಿ ಅವರು ಹಿಮಖಂಡಕ್ಕೆ ಹೋದರು. ಅಲ್ಲಿನ ಚಳಿಗೆ ಯಂತ್ರದ ಎಣ್ಣೆ ಹೆಪ್ಪುಗಟ್ಟುತ್ತಿತ್ತು. ಅವರು ಎಣ್ಣೆಯನ್ನೆಲ್ಲ ತೆಗೆದುಹಾಕಿ ಗ್ರಾಫೈಟ್ ಪುಡಿಯನ್ನು ಬಳಸಿದರು. ಕೆಲಸದ ನಡುವೆ ನಾಲಗೆಯ ತುದಿ ಕ್ಯಾಮರಾದ ಲೋಹಕ್ಕೆ ತಾಗಿ, ಅಲ್ಲಿಯೇ ಅಂಟಿಕೊಂಡು, ಕಿತ್ತುಕೊಳ್ಳುವಾಗ ಚರ್ಮವೇ ಹೋಯಿತು. ಎಲ್ಲಕ್ಕಿಂತ ಮುಖ್ಯವಾಗಿ ಅವರು ಕಂಡುಕೊಂಡದ್ದು ಇದು: ಚಳಿಯಲ್ಲಿದ್ದ ಕ್ಯಾಮರಾವನ್ನು ಪ್ರೀತಿಯಿಂದ ಬೆಚ್ಚನೆಯ ಗುಡಿಸಲಿಗೆ ಒಯ್ದರೆ ಅದರ ಮೈಯೆಲ್ಲ, ಮಸೂರದ ಒಳಗೆಲ್ಲ ತೇವ ಕೂರುತ್ತದೆ, ಅದನ್ನು ಹೊರಗೆ ಚಳಿಯಲ್ಲೇ ಬಿಡುವುದು ಲೇಸು.

ಈ ಪಾಠ ಹಿಮಖಂಡಕ್ಕೆ ಮಾತ್ರ ಸಲ್ಲುವುದಲ್ಲ. ಮಂಗಳೂರಿನಲ್ಲೋ ಉಡುಪಿಯಲ್ಲೋ ಹವಾನಿಯಂತ್ರಿತ ಕೊಠಡಿಯಲ್ಲಿ ರಾತ್ರಿ ಕಳೆದ ಮಸೂರವನ್ನು ಬೆಳಗಿನ ಕಡಲತೀರಕ್ಕೆ ತಂದು ಮುಚ್ಚಳ ತೆಗೆದರೆ, ಎಳನೀರಿನ ತಣ್ಣನೆಯ ಲೋಟದ ಮೇಲೆ ಹನಿ ಮೂಡುವಂತೆ ಗಾಜಿನ ಮೇಲೆ ಮಂಜು ಮೂಡುತ್ತದೆ. ಆಗ ಒರೆಸುತ್ತ ಕೂತು ಪ್ರಯೋಜನವಿಲ್ಲ. ಪೆಟ್ಟಿಗೆಯನ್ನು ಮುಚ್ಚಿದಂತೆಯೇ ಹೊರಗಿನ ಗಾಳಿಯಲ್ಲಿಟ್ಟು, ಒಳಗಿನ ಶಾಖ ಹೊರಗಿನದಕ್ಕೆ ಸಮನಾಗುವವರೆಗೆ ತಾಳ್ಮೆಯಿಂದ ಕಾಯಬೇಕು. ಅದನ್ನು ಬಲ್ಲ ಸಹಾಯಕ ಉಳಿದವರಿಗಿಂತ ಒಂದು ಗಂಟೆ ಮುಂಚೆ ಏಳುತ್ತಾನೆ.

ಮಲೆನಾಡಿನ ಮಳೆಗಾಲದ ಶತ್ರು ಇನ್ನೂ ಮೌನಿ. ಹೊರಗೆ ಸುರಿಯುವ ನೀರನ್ನು ಮುಸುಕು ಹಾಕಿ ತಡೆಯಬಹುದು. ಗಾಳಿಯ ತೇವವನ್ನು ತಡೆಯುವುದು ಕಷ್ಟ. ವಾರಗಟ್ಟಲೆ ಬಿಸಿಲು ಕಾಣದ ಪೆಟ್ಟಿಗೆಯಲ್ಲಿ ಮಸೂರದ ಗಾಜುಗಳ ನಡುವೆ ಬೂಷ್ಟು ಹಬ್ಬುತ್ತದೆ. ಜೇಡನ ಬಲೆಯಂತೆ ಎಳೆ ಬಿಡುತ್ತದೆ. ಕೊನೆಗೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಚರ್ಮದ ಚೀಲ ನೋಡಲು ಅಂದವಾದರೂ ತೇವವನ್ನು ಹೀರಿ ಹಿಡಿದಿಡುವುದರಿಂದ ಬೂಷ್ಟಿಗೆ ಅದೇ ತವರುಮನೆ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಪೆಟ್ಟಿಗೆಯಲ್ಲಿಡುವುದು, ಅವು ತೇವ ಹೀರಿ ದಣಿದಾಗ ಕಾಯಿಸಿ ಒಣಗಿಸುವುದು, ಮಸೂರಗಳನ್ನು ಆಗಾಗ ಬೆಳಕಿಗೆ ತೋರುವುದು — ಇಷ್ಟನ್ನು ತಪ್ಪದೆ ಮಾಡುವವನಿಗೆ ಯಾರೂ ಪ್ರಶಸ್ತಿ ಕೊಡುವುದಿಲ್ಲ. ಮಾಡದಿದ್ದವನ ಹೆಸರು ಮಾತ್ರ ಎಲ್ಲರ ಬಾಯಲ್ಲೂ ಬರುತ್ತದೆ. ಕಡಲತೀರದಲ್ಲಿ ಉಪ್ಪು, ಮರಳುಗಳ ಕಾಟ ಬೇರೆ. ದಿನದ ಕೆಲಸ ಮುಗಿದ ಮೇಲೆ ಟ್ರೈಪಾಡಿನ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಮರುದಿನ ಅವು ಕಿರುಗುಟ್ಟುತ್ತವೆ, ಕೆಲವು ದಿನಗಳಲ್ಲಿ ಕಚ್ಚಿಕೊಳ್ಳುತ್ತವೆ.

ತಿಳಿದೂ ಅಪಾಯಕ್ಕೆ ಒಡ್ಡುವಾಗ

ಇದುವರೆಗೆ ಹೇಳಿದ್ದು ಬಯಸದೆ ಬರುವ ಅಪಾಯಗಳು. ಕಲೆಗಾಗಿ ಕ್ಯಾಮರಾವನ್ನು ಬೇಕೆಂದೇ ಅಪಾಯದ ಬಾಯಿಗೆ ಕೊಡುವುದೂ ಸಿನಿಮಾದ ಇತಿಹಾಸದಲ್ಲಿ ಒಂದು ದೊಡ್ಡ ಅಧ್ಯಾಯ. ಫ್ರಾನ್ಸಿನ ಆಬೆಲ್ ಗಾನ್ಸ್ 1927ರ ತಮ್ಮ 'ನೆಪೋಲಿಯನ್' ಚಿತ್ರಕ್ಕಾಗಿ ಓಡುವ ಕುದುರೆಯ ಬೆನ್ನಿಗೆ ಕ್ಯಾಮರಾ ಕಟ್ಟಿದರು. ಸಭಾಭವನದ ದೃಶ್ಯದಲ್ಲಿ ಅದನ್ನು ಲೋಲಕದಂತೆ ಜನರ ತಲೆಯ ಮೇಲೆ ತೂಗಾಡಿಸಿದರು. ನಿಂತು ನೋಡುತ್ತಿದ್ದ ಯಂತ್ರ ಆಗ ಕದನದೊಳಗೆ ಇಳಿಯಿತು.

ಹಾಗೆ ಇಳಿದ ಮೇಲೆ ಅದಕ್ಕೆ ಕವಚವೂ ಬೇಕಾಯಿತು. 1925ರಲ್ಲಿ ಅಮೆರಿಕದ ಬೆಲ್ ಅಂಡ್ ಹೋವೆಲ್ ಸಂಸ್ಥೆ ತಂದ 'ಐಮೊ' ಎಂಬ ಚಿಕ್ಕ ಕ್ಯಾಮರಾ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಅದರಲ್ಲಿ ಹಿಡಿಯುತ್ತಿದ್ದುದು 100 ಅಡಿ ಫಿಲಂ, ಅಂದರೆ ಒಂದು ನಿಮಿಷಕ್ಕೆ ಚೂರು ಹೆಚ್ಚು. ಗಡಿಯಾರದಂತೆ ಕೀಲಿ ಕೊಟ್ಟರೆ ಓಡುವ ಅದಕ್ಕೆ ವಿದ್ಯುತ್ತು ಬೇಡ. ಎರಡನೆಯ ಮಹಾಯುದ್ಧದ ರಣರಂಗಗಳಲ್ಲಿ ಸುದ್ದಿಚಿತ್ರಗಳನ್ನು ತೆಗೆದ ಈ ಯಂತ್ರ, ಯುದ್ಧಾನಂತರ ಹಾಲಿವುಡ್ಡಿನಲ್ಲಿ ಉಕ್ಕಿನ ಪೆಟ್ಟಿಗೆಯೊಳಗೆ ಕೂತು, ಕಾರುಗಳು ಡಿಕ್ಕಿ ಹೊಡೆಯುವ ಜಾಗದಲ್ಲಿ, ಕುದುರೆಗಳ ಗೊರಸಿನ ಕೆಳಗೆ ಆಹುತಿಯ ಕ್ಯಾಮರಾ ಆಗಿ ದುಡಿಯಿತು. ಹೋದರೆ ಹೋಗಲಿ ಎಂಬ ಯಂತ್ರವನ್ನು ಮುಂದೆ ಬಿಟ್ಟು, ಹೋಗಬಾರದ ಯಂತ್ರವನ್ನೂ ಹೋಗಲೇಬಾರದ ಮನುಷ್ಯನನ್ನೂ ಹಿಂದೆ ನಿಲ್ಲಿಸುವ ಈ ಉಪಾಯದಲ್ಲಿ ವಿವೇಕವಿದೆ.

ಬೇರೆ ಉಪಾಯಗಳೂ ಉಂಟು. ರೈಲು ನೇರವಾಗಿ ನಮ್ಮ ಮೇಲೆ ಬಂದಂತೆ ಕಾಣಬೇಕೇ? ಹಳಿಯ ಬಳಿ ಒಂದು ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿ, ಪಕ್ಕದಿಂದ ಅದರ ಪ್ರತಿಬಿಂಬವನ್ನು ಹಿಡಿದರಾಯಿತು. ಒಡೆದರೆ ಕನ್ನಡಿ ಒಡೆದೀತು. ಕಿಡಿ ಹಾರುವ, ಕೆಸರು ಎರಚುವ ಕಡೆ ಮಸೂರದ ಮುಂದೆ ಸಾದಾ ಗಾಜಿನ ಫಲಕವೊಂದನ್ನು ಇಡುತ್ತಾರೆ. ಬಂದೂಕು, ಸಿಡಿಮದ್ದುಗಳ ಎದುರು ದಪ್ಪ ಪಾಲಿಕಾರ್ಬೊನೇಟ್ ಹಲಗೆ ನಿಲ್ಲುತ್ತದೆ. ಓಡುವ ಕಾರಿಗೆ ಕಟ್ಟಿದ ಕ್ಯಾಮರಾಕ್ಕೆ ಮುಖ್ಯ ಬಿಗಿತದ ಜೊತೆಗೆ, ಅದಕ್ಕೆ ಯಾವ ಸಂಬಂಧವೂ ಇಲ್ಲದ ಇನ್ನೊಂದು ಕಟ್ಟು ಇರಲೇಬೇಕು. ಒಂದು ಬಿಟ್ಟರೆ ಇನ್ನೊಂದು ಹಿಡಿಯಬೇಕು.

ಇಷ್ಟಾದರೂ ಯಂತ್ರಗಳು ಒಡೆಯುತ್ತವೆ. 2008ರ 'ದಿ ಡಾರ್ಕ್ ನೈಟ್' ಚಿತ್ರದ ಬೆನ್ನಟ್ಟುವ ದೃಶ್ಯವೊಂದನ್ನು ತೆಗೆಯುವಾಗ ಐಮ್ಯಾಕ್ಸ್ ಕ್ಯಾಮರಾ ಒಂದು ನಾಶವಾಯಿತು. ಆಗ ಜಗತ್ತಿನಲ್ಲಿ ಅಂಥ ಕ್ಯಾಮರಾಗಳಿದ್ದುದೇ ನಾಲ್ಕು ಎನ್ನುತ್ತಾರೆ. ನಷ್ಟ ದೊಡ್ಡದೇ. ಆದರೆ ಬೇರೆ ಕ್ಯಾಮರಾ ಬಂತು, ಚಿತ್ರ ಮುಗಿಯಿತು. ಯಂತ್ರ ಹೋದರೆ ಇನ್ನೊಂದು ಯಂತ್ರ. ಅದರೊಳಗಿನ ಚಿತ್ರ ಹೋದರೆ?

ಮುಳುಗಿದ ಚಿತ್ರಗಳು

1974ರಲ್ಲಿ ಅಮೆರಿಕದ ಪೂರ್ವತೀರದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಬಳಿ ಸ್ಟೀವನ್ ಸ್ಪೀಲ್‌ಬರ್ಗ್ 'ಜಾಸ್' ಚಿತ್ರವನ್ನು ತೆಗೆಯುತ್ತಿದ್ದರು. ಒಂದು ದಿನ ಚಿತ್ರದ ದೋಣಿಯೇ ನೀರು ತುಂಬಿ ಮುಳುಗಿತು. ಅದರೊಡನೆ ಕ್ಯಾಮರಾ ಕೂಡ. ಛಾಯಾಗ್ರಾಹಕ ಬಿಲ್ ಬಟ್ಲರ್ ಎದೆಗುಂದಲಿಲ್ಲ. ಮೇಲೆತ್ತಿದ ಫಿಲಮ್ಮನ್ನು ಒಣಗಲು ಬಿಡದೆ, ನೀರು ತುಂಬಿದ ಬಕೆಟ್ಟಿನಲ್ಲಿಯೇ ಇಟ್ಟು ವಿಮಾನದಲ್ಲಿ ನ್ಯೂಯಾರ್ಕಿನ ಪ್ರಯೋಗಾಲಯಕ್ಕೆ ಒಯ್ಯುವ ವ್ಯವಸ್ಥೆ ಮಾಡಿದರು. ಫಿಲಂ ಉಳಿಯಿತು.

ಇದು ಪವಾಡವಲ್ಲ. ಫಿಲಮ್ಮಿನ ಬೆಳಕು ಹಿಡಿಯುವ ಪದರ ಜೆಲಟಿನ್ ಎಂಬ ಅಂಟಿನಿಂದಾದುದು. ನೆನೆದಾಗ ಅದು ಉಬ್ಬುತ್ತದೆ. ಸುರುಳಿಯಲ್ಲಿ ಹಾಗೆಯೇ ಒಣಗಿದರೆ ಸುತ್ತಿಗೆ ಸುತ್ತು ಅಂಟಿ, ಬಿಡಿಸುವಾಗ ಬಿಂಬವೇ ಕಿತ್ತುಬರುತ್ತದೆ. ಆದರೆ ಸಂಸ್ಕರಣೆಯ ವಿಧಾನವೇ ನೀರಿನೊಳಗಿನದು. ಒದ್ದೆಯಾಗಿದ್ದ ಫಿಲಂ ಒದ್ದೆಯಾಗಿಯೇ ಅಲ್ಲಿಗೆ ತಲುಪಿದರೆ ಬದುಕುತ್ತದೆ. ನೀರಿನಿಂದ ಎತ್ತಿದ್ದನ್ನು ಒರೆಸಿ ಒಣಗಿಸಬೇಕೆಂಬುದು ನಮ್ಮ ಸಹಜಬುದ್ಧಿ. ಇಲ್ಲಿ ಆ ಬುದ್ಧಿಯೇ ಶತ್ರು.

ನಾಲ್ಕು ದಶಕಗಳ ಅನಂತರ ಇದೇ ಕಥೆ ಮರುಕಳಿಸಿತು. 2017ರಲ್ಲಿ ಬಿಡುಗಡೆಯಾದ ಕ್ರಿಸ್ಟೋಫರ್ ನೋಲನ್ನರ 'ಡನ್ಕರ್ಕ್' ಚಿತ್ರಕ್ಕಾಗಿ, ಕಡಲಿಗೆ ಬೀಳುವ ಯುದ್ಧವಿಮಾನದ ಪ್ರತಿಕೃತಿಯೊಳಗೆ ಐಮ್ಯಾಕ್ಸ್ ಕ್ಯಾಮರಾ ಇಟ್ಟಿದ್ದರು. ವಿಮಾನ ಎಣಿಸಿದ್ದಕ್ಕಿಂತ ಬೇಗ ಮುಳುಗಿತು. ಕ್ಯಾಮರಾದ ಜಲರಕ್ಷೆಯೊಳಗೂ ನೀರು ನುಗ್ಗಿತ್ತು. ಮೇಲೆತ್ತಿದ ಮೇಲೆ ಪ್ರಯೋಗಾಲಯದವರನ್ನು ಕೇಳಿದಾಗ ಬಂದ ಉತ್ತರ ಆ ಹಳೆಯ ಉಪಾಯವೇ: ಒಣಗಿಸಬೇಡಿ, ಒದ್ದೆಯಾಗಿಯೇ ಕಳುಹಿಸಿ. ಲಾಸ್ ಏಂಜಲಿಸ್‌ಗೆ ಹಾಗೆಯೇ ಹೋದ ಫಿಲಮ್ಮಿನಿಂದ ನಿರ್ಮಲವಾದ ಬಿಂಬ ಬಂತು. ಆ ದೃಶ್ಯ ಚಿತ್ರದಲ್ಲಿಯೂ ಇದೆ.

ಫಿಲಂ ಹೋಗಿ ಸಂಖ್ಯೆಗಳು ಬಂದ ಈ ಕಾಲದಲ್ಲಿ ಅಪಾಯದ ರೂಪ ಮಾತ್ರ ಬದಲಾಗಿದೆ. ಮೊದಲು ಕಿರಿಯ ಸಹಾಯಕನ ಮೊದಲ ಪಾಠವೆಂದರೆ, ಎರಡು ತೋಳುಗಳಿದ್ದ ಕಪ್ಪು ಚೀಲದೊಳಗೆ ಕೈಯಿಟ್ಟು, ಕಣ್ಣಿಲ್ಲದೆ, ಬೆರಳಿನ ಸ್ಪರ್ಶದಿಂದಲೇ ಫಿಲಂ ತುಂಬುವುದು. ಒಂದು ಕಿರಣ ಒಳಹೊಕ್ಕರೂ ದಿನದ ದುಡಿಮೆ ಸುಟ್ಟುಹೋಗುತ್ತಿತ್ತು. ಈಗ ಉಗುರಿನಗಲದ ಕಾರ್ಡೊಂದರಲ್ಲಿ ಇಡೀ ದಿನದ ಚಿತ್ರವಿರಬಹುದು; ಅವಸರದಲ್ಲಿ ಒತ್ತಿದ ಒಂದು ಗುಂಡಿ ಅದನ್ನು ಅಳಿಸಬಹುದು. ಆದುದರಿಂದ ಕಾರ್ಡಿನಲ್ಲಿರುವುದನ್ನು ಬೇರೆ ಬೇರೆ ಡಿಸ್ಕುಗಳಿಗೆ ಪ್ರತಿ ಮಾಡಿ, ಸರಿಯಿದೆಯೆಂದು ತಾಳೆ ನೋಡಿ, ಆ ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿರಿಸುವವರೆಗೆ ಕಾರ್ಡನ್ನು ಅಳಿಸಬಾರದೆಂಬುದು ಹೊಸ ಕಟ್ಟಳೆ. ಎರಡು ಡಿಸ್ಕುಗಳನ್ನೂ ಒಂದೇ ಕಾರಿನಲ್ಲಿ ಕಳುಹಿಸಿದರೆ ಎರಡಿದ್ದೂ ಒಂದೇ.

ಮಂಜಿನ ಮೇಲೆ ಒಡೆದ ಗಾಜು

ಹಾಗಾದರೆ ಚಿತ್ರವೇ ಎಲ್ಲಕ್ಕಿಂತ ದೊಡ್ಡದೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಮತ್ತೆ ಹಿಮಖಂಡಕ್ಕೆ ಹೋಗಬೇಕಾಗುತ್ತದೆ. 1914ರಲ್ಲಿ ಅರ್ನೆಸ್ಟ್ ಶ್ಯಾಕಲ್‌ಟನ್ನರ 'ಎಂಡ್ಯೂರೆನ್ಸ್' ಹಡಗಿನಲ್ಲಿ ಹೊರಟ ಛಾಯಾಗ್ರಾಹಕ ಫ್ರ್ಯಾಂಕ್ ಹರ್ಲಿ ಆ ಯಾತ್ರೆಯ ಸ್ಥಿರಚಿತ್ರಗಳನ್ನೂ ಚಲಚ್ಚಿತ್ರವನ್ನೂ ತೆಗೆದವರು. ಹಡಗು ಹಿಮಗಡ್ಡೆಗಳ ನಡುವೆ ಸಿಕ್ಕಿ, 1915ರ ಅಕ್ಟೋಬರಿನಲ್ಲಿ ನಜ್ಜುಗುಜ್ಜಾಯಿತು. ಜನರೆಲ್ಲ ಹಿಮದ ಮೇಲೆ ಬೀಡುಬಿಟ್ಟರು. ಹರ್ಲಿಯವರ ಗಾಜಿನ ಪ್ಲೇಟುಗಳೂ ಫಿಲಮ್ಮೂ ಮುಳುಗುತ್ತಿದ್ದ ಹಡಗಿನೊಳಗೆ ಉಳಿದಿದ್ದವು. ಅವರು ಹಡಗಿಗೆ ಮರಳಿ, ಮರದ ಗೋಡೆ ಕಡಿದು, ಸೊಂಟದ ಮೇಲಿನ ಬಟ್ಟೆ ಕಳಚಿ, ಹಿಮದ ರಾಡಿನೀರಿಗೆ ಇಳಿದು ಡಬ್ಬಿಗಳನ್ನು ಮೇಲೆತ್ತಿದರು. ಮುಂದಾಲೋಚನೆಯಿಂದ ಬೆಸುಗೆ ಹಾಕಿ ಮುಚ್ಚಿದ್ದ ಡಬ್ಬಿಗಳಾದುದರಿಂದ ಒಳಗಿನ ಚಿತ್ರಗಳು ಕೆಟ್ಟಿರಲಿಲ್ಲ.

ಇಷ್ಟು ಪಾಡುಪಟ್ಟು ಉಳಿಸಿದ ಚಿತ್ರಗಳನ್ನು ಕೆಲವು ದಿನಗಳ ಅನಂತರ ಅವರೇ ಒಡೆದರು. ಮುಂದಿನ ದಾರಿ ದೋಣಿಗಳದು. ಒಂದೊಂದು ಸೇರು ಭಾರವೂ ಪ್ರಾಣದ ಲೆಕ್ಕ. ಶ್ಯಾಕಲ್‌ಟನ್ ಮತ್ತು ಹರ್ಲಿ ಹಿಮದ ಮೇಲೆ ಕುಳಿತು ಒಂದೊಂದೇ ಪ್ಲೇಟನ್ನು ನೋಡಿ, ಸುಮಾರು 120ನ್ನು ಆರಿಸಿ, ಉಳಿದ 400ರಷ್ಟನ್ನು ಅಲ್ಲಿಯೇ ಒಡೆದುಹಾಕಿದರು. ಸುಮ್ಮನೆ ಬಿಟ್ಟರೆ ಮನಸ್ಸು ಬದಲಾದೀತು, ಮರಳಿ ಬಂದು ಎತ್ತಿಕೊಳ್ಳುವ ಆಸೆಯಾದೀತು, ಆದ್ದರಿಂದ ಒಡೆಯುವುದು. ಚಲಚ್ಚಿತ್ರದ ಭಾರವಾದ ಕ್ಯಾಮರಾವನ್ನೂ ಅಲ್ಲಿಯೇ ತೊರೆದರು. ಕೈಯಲ್ಲಿ ಉಳಿದದ್ದು ಜೇಬಿನಲ್ಲಿಡುವಂಥ ಕೊಡಕ್ ಕ್ಯಾಮರಾ, ಮೂರು ಸುರುಳಿ ಫಿಲಂ. ಆ ಹಡಗಿನ 28 ಮಂದಿಯೂ ಜೀವಸಹಿತ ಮರಳಿದರು. ಉಳಿದ ಚಿತ್ರಗಳಿಂದ 1919ರಲ್ಲಿ 'ಸೌತ್' ಎಂಬ ಚಲಚ್ಚಿತ್ರ ತೆರೆಗೆ ಬಂತು. ಹಿಡಿಯುವುದನ್ನೂ ಬಿಡುವುದನ್ನೂ ಒಬ್ಬನೇ ಮನುಷ್ಯ ಒಂದೇ ವಾರದ ಅಂತರದಲ್ಲಿ ಅಷ್ಟು ಚೆನ್ನಾಗಿ ಬಲ್ಲವನಾಗಿದ್ದುದು ಅಪೂರ್ವ.

'ಬಿಟ್ಟುಬಿಡು'

ಎಲ್ಲರಿಗೂ ಆ ಗಳಿಗೆ ಅಷ್ಟು ನಿಧಾನವಾಗಿ ಬರುವುದಿಲ್ಲ. 2014ರ ಫೆಬ್ರವರಿ 20ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 'ಮಿಡ್‌ನೈಟ್ ರೈಡರ್' ಎಂಬ ಚಿತ್ರದ ತಂಡ, ನದಿಯ ಮೇಲಿನ ರೈಲುಸೇತುವೆಯ ಮೇಲೆ, ಹಳಿಯ ಮೇಲೆಯೇ ಒಂದು ಮಂಚವನ್ನಿಟ್ಟು ಚಿತ್ರೀಕರಣಕ್ಕೆ ತೊಡಗಿತ್ತು. ರೈಲು ಕಂಪೆನಿ ಹಳಿಯ ಮೇಲೆ ಚಿತ್ರೀಕರಣಕ್ಕೆ ಅನುಮತಿ ಕೊಟ್ಟಿರಲಿಲ್ಲ. ಬರುವುದಿಲ್ಲವೆಂದುಕೊಂಡಿದ್ದ ರೈಲು ಬಂತು. ತಂಡದಲ್ಲಿ ಸಾರಾ ಜೋನ್ಸ್ ಎಂಬ 27 ವರ್ಷದ ಕ್ಯಾಮರಾ ಸಹಾಯಕಿಯಿದ್ದರು. ಕೈಯಲ್ಲಿ ಬೆಲೆಬಾಳುವ ಸಾಮಾನು. ಇದನ್ನು ಏನು ಮಾಡಲಿ ಎಂದು ಆಕೆ ಕೂಗಿ ಕೇಳಿದರೆಂದೂ, ಬಿಟ್ಟುಬಿಡು ಎಂದು ಯಾರೋ ಕೂಗಿದರೆಂದೂ ಬದುಕುಳಿದ ಸಹೋದ್ಯೋಗಿಯೊಬ್ಬರು ಆಮೇಲೆ ಹೇಳಿದರು. ಸಾರಾ ಉಳಿಯಲಿಲ್ಲ. ಚಿತ್ರದ ನಿರ್ದೇಶಕ ಮರುವರ್ಷ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಸೆರೆಮನೆಗೆ ಹೋದರು. ಆ ಚಿತ್ರ ಮುಗಿಯಲೇ ಇಲ್ಲ.

ಆ ಪ್ರಶ್ನೆಯ ಬಳಿ ನಾವು ತುಸು ನಿಲ್ಲಬೇಕು. ರೈಲು ನುಗ್ಗಿ ಬರುತ್ತಿರುವಾಗ 'ಕ್ಯಾಮರಾ ಸಾಮಾನನ್ನು ಏನು ಮಾಡಲಿ' ಎಂದು ಕೇಳುವುದು ಮೂರ್ಖತನವಲ್ಲ. ಅದು ವರ್ಷಗಟ್ಟಲೆ ಮೈಗೂಡಿಸಿಕೊಂಡ ಶಿಕ್ಷಣ. ಬಿಡಬೇಡ, ಒಂಟಿಯಾಗಿ ಇಡಬೇಡ, 'ಹಿಡಿದೆ' ಎಂಬ ಮಾತು ಕೇಳುವವರೆಗೆ ಬೆರಳು ಸಡಿಲಿಸಬೇಡ ಎಂದು ಕಲಿತ ಕೈಗೆ, ಬಿಡಬೇಕಾದ ಗಳಿಗೆಯನ್ನು ಯಾರೂ ಅಷ್ಟೇ ಚೆನ್ನಾಗಿ ಕಲಿಸಿರುವುದಿಲ್ಲ. ಒಳ್ಳೆಯ ಕೆಲಸಗಾರನೇ ಹೀಗೆ ಹೆಚ್ಚು ಅಪಾಯಕ್ಕೆ ಗುರಿಯಾಗುತ್ತಾನೆ. ಆದುದರಿಂದ ಬಿಡುವುದನ್ನು ಕಲಿಸುವ ಹೊಣೆ ಅವನದಲ್ಲ, ಅವನನ್ನು ಅಲ್ಲಿ ನಿಲ್ಲಿಸಿದವರದು.

ನಮ್ಮ ನಾಡಿನ ನೆನಪುಗಳೂ ಈ ವಿಷಯದಲ್ಲಿ ಕಹಿಯಾದವು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತ ದೂರದರ್ಶನ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಮಂದಿ ಸತ್ತರು. ಸಡಿಲವಾದ ವಿದ್ಯುತ್ ತಂತಿಗಳು, ಗಾಳಿಯಾಡದ ಒಳಾಂಗಣ, ಬೆಂಕಿ ಆರಿಸುವ ಸಾಧನಗಳ ಕೊರತೆ — ಕಾರಣಗಳೆಲ್ಲ ಬಲ್ಲವರು ಮೊದಲೇ ಬಲ್ಲವೇ ಆಗಿದ್ದವು. 2016ರ ನವೆಂಬರ್ 7ರಂದು ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ, ಕನ್ನಡ ಚಿತ್ರವೊಂದಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ಯುವನಟರು ಮುಳುಗಿ ಸತ್ತರು. ಅವರಿಗೆ ತೇಲುವ ಜಾಕೆಟ್ ಇರಲಿಲ್ಲ. ಓಡುವ ಕಾರಿನ ಕ್ಯಾಮರಾಕ್ಕೆ ಎರಡನೆಯ ಕಟ್ಟು ಬೇಕೆಂದು ಬಲ್ಲ ಉದ್ಯಮ, ಹಾರುವ ಮನುಷ್ಯನಿಗೂ ಎರಡನೆಯ ಕಟ್ಟು ಬೇಕೆಂಬುದನ್ನು ಅಂದು ಮರೆತಿತ್ತು.

ಯಂತ್ರವನ್ನೂ ಮನುಷ್ಯನನ್ನೂ ಒಟ್ಟಿಗೆ ಕಾಯುವ ಕಟ್ಟಳೆಗಳು ಇಲ್ಲವೆಂದಲ್ಲ. ಹಳೆಯ ಕ್ರೇನುಗಳ ಒಂದು ತುದಿಯಲ್ಲಿ ಕ್ಯಾಮರಾದೊಡನೆ ಛಾಯಾಗ್ರಾಹಕ ಕೂರುತ್ತಿದ್ದ. ಇನ್ನೊಂದು ತುದಿಯಲ್ಲಿ ಅವನ ತೂಕಕ್ಕೆ ಸಮನಾದ ಭಾರವಿರುತ್ತಿತ್ತು. ಕ್ರೇನನ್ನು ನಡೆಸುವವನು ಅಪ್ಪಣೆ ಕೊಡುವವರೆಗೆ ಅವನು ಇಳಿಯಕೂಡದು. ಇಳಿದರೆ ತಕ್ಕಡಿ ತಪ್ಪಿ ತೋಳು ಕವಣೆಯಂತೆ ಮೇಲಕ್ಕೆ ಚಿಮ್ಮುತ್ತದೆ. ಕ್ಯಾಮರಾವೂ ಹೋಗುತ್ತದೆ, ಪಕ್ಕದಲ್ಲಿದ್ದವನೂ ಹೋಗುತ್ತಾನೆ. ಎಷ್ಟು ದೊಡ್ಡ ಛಾಯಾಗ್ರಾಹಕರಾದರೂ ಕ್ರೇನಿನವನ ಮಾತಿಗೆ ಕಾಯಬೇಕಾದದ್ದು ಇದರಿಂದ.

1970ರ ದಶಕದಲ್ಲಿ ಗ್ಯಾರೆಟ್ ಬ್ರೌನ್ ರೂಪಿಸಿದ ಸ್ಟೆಡಿಕ್ಯಾಮ್ ಎಂಬ ಸಾಧನ ಕ್ಯಾಮರಾವನ್ನು ಮನುಷ್ಯನ ಎದೆಗೇ ಕಟ್ಟುತ್ತದೆ. ಅವನು ಓಡಿದರೂ ಮೆಟ್ಟಿಲು ಹತ್ತಿದರೂ ಚಿತ್ರ ಅಲುಗುವುದಿಲ್ಲ. ಆ ಕವಚದಲ್ಲಿ ಒಂದು ಸಣ್ಣ ಏರ್ಪಾಟಿದೆ. ನೀರಿಗೆ ಬಿದ್ದರೆ, ಬೆಂಕಿ ಹತ್ತಿದರೆ, ಒಂದು ಕೊಂಡಿಯನ್ನು ಎಳೆದ ಕೂಡಲೇ ಯಂತ್ರ ಸಮೇತ ಇಡೀ ಕವಚ ಮೈಯಿಂದ ಕಳಚಿಬೀಳುತ್ತದೆ. ಅದನ್ನು ಕಟ್ಟಿದವರು ಎರಡನ್ನೂ ಯೋಚಿಸಿದ್ದರು: ಹೇಗೆ ಬಿಗಿಯಾಗಿ ಹಿಡಿಯಬೇಕು, ಹೇಗೆ ಒಂದೇ ಕ್ಷಣದಲ್ಲಿ ಬಿಡಬೇಕು.

ಅಮೆರಿಕದ ಕೆಲವು ಚಿತ್ರತಂಡಗಳಲ್ಲಿ ದಿನದ ಮೊದಲ ದೃಶ್ಯಕ್ಕೆ ಈಗ 'ಜೋನ್ಸಿ' ಎಂಬ ಹೆಸರಿದೆ. ಅದು ಸಾರಾ ಜೋನ್ಸ್ ನೆನಪಿಗೆ. ಕೆಲಸ ತೊಡಗುವ ಮುನ್ನ ಎಲ್ಲರೂ ಒಂದು ಗಳಿಗೆ ನಿಂತು, ಇಂದಿನ ಅಪಾಯಗಳಾವುವು ಎಂದು ಯೋಚಿಸಲಿ ಎಂಬುದಕ್ಕೆ. ನಮ್ಮಲ್ಲಿ ಮುಹೂರ್ತವಿದೆ, ಆರತಿಯಿದೆ, ಚಿತ್ರೀಕರಣ ಮುಗಿದ ದಿನ ಒಡೆಯುವ ಕುಂಬಳಕಾಯಿಯಿದೆ. ದೃಷ್ಟಿ ತಾಗದಿರಲೆಂದು ಮಾಡುವ ಈ ಆಚರಣೆಗಳ ಜೊತೆಗೆ, ಕ್ಯಾಮರಾಕ್ಕೆ ಹಾಕಿದ ಚಿಲಕದಷ್ಟೇ ಸರಳವಾದ ಒಂದು ಮಾತನ್ನೂ ಆ ದಿನ ಹೇಳಿದರೆ ಚೆನ್ನು: ಯಂತ್ರ ಹೋದರೆ ಬಾಡಿಗೆಗೆ ಇನ್ನೊಂದು ಬರುತ್ತದೆ, ಚಿತ್ರ ಹೋದರೆ ಮತ್ತೊಮ್ಮೆ ತೆಗೆಯಲು ನೋಡೋಣ, ನಿಮ್ಮ ಜೀವಕ್ಕೆ ಬಂದಾಗ ಕೈಯಲ್ಲಿರುವುದನ್ನು ಬಿಟ್ಟುಬಿಡಿ, ಲೆಕ್ಕ ಯಾರೂ ಕೇಳುವುದಿಲ್ಲ.